ಕಾರಿನ ಬಾಗಿಲಿನ ರಬ್ಬರು, ಮಾವನ ತೆಂಗಿನೆಣ್ಣೆ

ಕಳೆದ ಜುಲೈಯಲ್ಲಿ ಒಂದು ಬೆಳಿಗ್ಗೆ ಕಾರಿನ ಬಾಗಿಲು ತೆಗೆದರೆ ಒಳಗಿನಿಂದ ಅಟ್ಟದ ಹಳೇ ಹಾಸಿಗೆಯ ವಾಸನೆ. ಎಡಗಡೆ ಮುಂದಿನ ಸೀಟಿನ ಎದುರಿದ್ದ ಮ್ಯಾಟ್ ಎತ್ತಿದೆ. ಅಡಿಯಲ್ಲಿ ಬಿಳಿ ಬೂಷ್ಟು. ಕಾರ್ಪೆಟ್ ಒತ್ತಿದರೆ ಬೆರಳ ಸಂದಿಯಲ್ಲಿ ನೀರು. ಸುಳ್ಯದ ಕಡೆಯ ಮಳೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬೂಷ್ಟು ಹಿಡಿಯದ ಜಾಗ ಎಂದರೆ ಒಲೆಯ ಮೇಲೆ ಮಾತ್ರ. ಆದರೂ ಕಾರಿನೊಳಗೆ ನೀರು ನಿಲ್ಲುವುದು ಬೇರೆಯೇ ವಿಷಯ ಅಲ್ವಾ.

ನಮ್ಮದು 2013ರ ಸಣ್ಣ ಕಾರು. ಮನೆಯಿಂದ ನಾನು ಕೆಲಸ ಮಾಡುವ ಸೊಸೈಟಿಗೆ, ವಾಪಸ್ ಬರುವಾಗ ಹಿಂಡಿಯ ಗೋಣಿಯೋ ಗೊಬ್ಬರದ ಚೀಲವೋ. ತೊಳೆಯುವ ಕೆಲಸ ಮಾವನದು. ತೊಳೆದು ಆದ ಮೇಲೆ ನಾಲ್ಕೂ ಬಾಗಿಲಿನ ಸುತ್ತ ಇರುವ ಕಪ್ಪು ರಬ್ಬರಿಗೆ ಬಟ್ಟೆಯಲ್ಲಿ ತೆಂಗಿನೆಣ್ಣೆ ಉಜ್ಜುವುದು ಅವರ ಪದ್ಧತಿ. ಗ್ಯಾರೇಜಿನವರು ಈ ರಬ್ಬರಿಗೆ ಬೀಡಿಂಗ್ ಅನ್ನುತ್ತಾರೆ. ಎಣ್ಣೆ ಹಚ್ಚಿದಾಗ ಹೊಸದರ ಹಾಗೆ ಮಿಂಚುತ್ತಿತ್ತು. ನಲವತ್ತು ವರ್ಷದಿಂದ ರಬ್ಬರು ಮರ ಟ್ಯಾಪಿಂಗ್ ಮಾಡಿಸಿದವರಿಗೆ ರಬ್ಬರಿನ ವಿಷಯದಲ್ಲಿ ನಾನು ಎಂತ ಹೇಳುವುದು ಅಂತ ಸುಮ್ನೆ ಇದ್ದೆ.

ಎರಡು ವರ್ಷ ಇದು ನಡೆಯಿತು. ನೀರು ಕಂಡ ದಿನ ಮೊದಲ ಬಾರಿ ಬೀಡಿಂಗನ್ನು ಬೆರಳಲ್ಲಿ ಒತ್ತಿ ಸರಿಯಾಗಿ ನೋಡಿದೆ. ಒಳ್ಳೆಯ ಬೀಡಿಂಗ್ ಒತ್ತಿದರೆ ತಗ್ಗಬೇಕು, ಬಿಟ್ಟರೆ ಉಬ್ಬಬೇಕು. ನಮ್ಮದು ಒತ್ತಿದಲ್ಲೇ ಕೂತಿತು. ಕೆಳಗಿನ ಮೂಲೆಯಲ್ಲಿ ಉಬ್ಬಿ, ಮೆತ್ತಗಾಗಿ, ಹಳೇ ಇಲಾಸ್ಟಿಕ್ ಹಾಗೆ ಅಂಟಂಟು. ಕೆಂಪು ಧೂಳೆಲ್ಲ ಎಣ್ಣೆಗೆ ಹಿಡಿದುಕೊಂಡು ಸ್ಯಾಂಡ್ ಪೇಪರ್ ಹಾಗೆ ಆಗಿತ್ತು. ಹಿಂದಿನ ಬಾಗಿಲಲ್ಲಿ ಒಂದು ಗೇಣು ಉದ್ದಕ್ಕೆ ಸಾಲಾಗಿ ಇಲಿಯ ಹಲ್ಲು. ಇಲಿಬೋನಿಗೆ ಕೊಬ್ಬರಿ ಸುಟ್ಟು ಕಟ್ಟುವ ಮನೆಯವರೇ ನಾವು. ಅದೇ ಕೈಯಲ್ಲಿ ಕಾರಿನ ಸುತ್ತ ತೆಂಗಿನೆಣ್ಣೆ ಬಳಿದು ರಾತ್ರಿ ಶೆಡ್ಡಿನಲ್ಲಿ ನಿಲ್ಲಿಸಿದ್ದೆವು. ಇಲಿಯನ್ನು ಬೈದು ಎಂತ ಪ್ರಯೋಜನ?

ಪೇಟೆಯ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿದ್ದವರು ಬಾಗಿಲು ತೆಗೆದು ನೋಡಿ, "ಬೀಡಿಂಗ್ ಹೋಗಿದೆ, ಅದರಿಂದಲೇ ನೀರು" ಎಂದರು. ಎಡಗಡೆಯ ಎರಡೂ ಬದಲಾಯಿಸಿದೆವು. ಬದಲಾಯಿಸಬೇಕಾದದ್ದೇ, ಅದರಲ್ಲಿ ಸುಳ್ಳಿಲ್ಲ. ಆದರೆ ಮರುದಿನದ ಮಳೆಗೆ ಕಾರ್ಪೆಟ್ ಮತ್ತೆ ಒದ್ದೆ.

ಈಗ ನನಗೆ ಹಠ ಬಂತು. ಭಾನುವಾರ ಸೊಸೈಟಿಯ ಹಳೇ ವೋಚರ್ ಕಾಗದ ಒಂದು ಕಟ್ಟು ತಂದು ಕೂತೆ. ಕಾಗದದ ಪಟ್ಟಿಯನ್ನು ಬೀಡಿಂಗ್ ಮೇಲಿಟ್ಟು ಬಾಗಿಲು ಹಾಕಿ ಮೆಲ್ಲ ಎಳೆಯುವುದು. ಬಿಗಿಯಾಗಿ ಹಿಡಿದರೆ ಅಲ್ಲಿ ರಬ್ಬರು ಸರಿ ಕೂತಿದೆ. ಸಲೀಸಾಗಿ ಜಾರಿ ಬಂದರೆ ಸಂದಿ ಉಂಟು. ಒಂದೊಂದು ಗೇಣಿಗೆ ಒಂದರಂತೆ ಬಾಗಿಲಿನ ಸುತ್ತ ನೋಡಿದೆ. ಎಲ್ಲಾ ಕಡೆ ಬಿಗಿ. ಹೊಸ ಬೀಡಿಂಗಿಗೆ ಸೀಮೆಸುಣ್ಣ ಉಜ್ಜಿ ಬಾಗಿಲು ಹಾಕಿ ತೆಗೆದೂ ನೋಡಿದೆ. ಬಾಗಿಲಿನ ತಗಡಿನ ಮೇಲೆ ಬಿಳಿ ಗೆರೆ ಎಲ್ಲೂ ತುಂಡಾಗದೆ ಮೂಡಿತ್ತು. ಅಂದರೆ ರಬ್ಬರಿನ ತಪ್ಪಲ್ಲ.

ಕೊನೆಗೆ ವಿಷಯ ಬಿಡಿಸಿದ್ದು ಟಿಂಕರಿಂಗ್ ಮಾಡುವ ಒಬ್ಬ ಹುಡುಗ. "ಅಕ್ಕ, ನೀವು ಟಾರ್ಚ್ ಹಿಡ್ಕೊಂಡು ಒಳಗೆ ಕೂತ್ಕೊಳ್ಳಿ, ನಾನು ನೀರು ಬಿಡ್ತೇನೆ" ಎಂದ. ಪೈಪನ್ನು ಮೇಲಿನಿಂದ ಹಿಡಿಯಲಿಲ್ಲ, ಕೆಳಗಿನಿಂದ ಶುರು ಮಾಡಿದ. ಮೇಲಿನಿಂದ ಬಿಟ್ಟರೆ ನೀರು ಎಲ್ಲಾ ಕಡೆ ಹರಿದು ಎಲ್ಲಿಂದ ಬಂತು ಅಂತಲೇ ಗೊತ್ತಾಗುವುದಿಲ್ಲವಂತೆ. ಬಾಗಿಲಿನ ಅಂಚಿಗೆಲ್ಲ ಬಿಟ್ಟಾಗ ಒಂದು ಹನಿಯೂ ಇಲ್ಲ. ಗಾಜಿನ ಬುಡಕ್ಕೆ ಬಿಟ್ಟು ಐದು ನಿಮಿಷ ಆಗಿರಬೇಕು, ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಪ್ಯಾಡಿನ ಅಡಿಯಿಂದ ನೀರು ಸಣ್ಣಗೆ ಇಳಿದು ನನ್ನ ಚಪ್ಪಲಿಗೆ ಬಿತ್ತು.

ಅವನು ಹೇಳಿದ್ದು ನನಗೆ ಹೊಸ ವಿಷಯ. ಕಿಟಕಿ ಗಾಜಿನ ಹೊರಗೆ ಇರುವ ರಬ್ಬರು ಪಟ್ಟಿ ಎಲ್ಲಾ ನೀರನ್ನೂ ತಡೆಯುವುದಿಲ್ಲ, ತಡೆಯಬೇಕೆಂದೂ ಇಲ್ಲ. ಸ್ವಲ್ಪ ನೀರು ಗಾಜಿನ ಗುಂಟ ಬಾಗಿಲಿನ ಹೊಟ್ಟೆಯೊಳಗೆ ಇಳಿದೇ ಇಳಿಯುತ್ತದೆ. ಬಾಗಿಲಿನ ಅಡಿಯಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಒಳಗಿನ ಪ್ಯಾಡಿಗೂ ತಗಡಿಗೂ ಮಧ್ಯೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ನೀರು ಈಚೆ ಬಾರದ ಹಾಗೆ. ನಮ್ಮ ಕಾರಿನಲ್ಲಿ ಆ ಹಾಳೆ ಕೆಳಗಿನಿಂದ ಹರಿದು ಜೋತು ಬಿದ್ದಿತ್ತು. ಯಾವಾಗ ಹರಿಯಿತು ಅಂತ ಯೋಚಿಸಿದರೆ ಉತ್ತರ ಮನೆಯಲ್ಲೇ ಇತ್ತು. ಯಕ್ಷಗಾನದ ಪದ ಸರಿ ಕೇಳುವುದಿಲ್ಲ, ಚೆಂಡೆ ಡಬ್ಬ ಬಡಿದ ಹಾಗೆ ಆಗ್ತದೆ ಅಂತ ನಮ್ಮವರು ಹಿಂದಿನ ವರ್ಷ ಮುಂದಿನ ಬಾಗಿಲಿಗೆ ದೊಡ್ಡ ಸ್ಪೀಕರ್ ಹಾಕಿಸಿದ್ದರು. ಹಾಕಿದವರು ಹಾಳೆ ಹರಿದು ಹಾಗೇ ಬಿಟ್ಟಿದ್ದರು. ಸಾಲದ್ದಕ್ಕೆ ಕೆಳಗಿನ ತೂತು ಎರಡೂ ಕೆಂಪು ಮಣ್ಣು ಮತ್ತು ರಬ್ಬರು ಎಲೆಯ ತೊಟ್ಟಿನಿಂದ ಮುಚ್ಚಿದ್ದವು. ಹುಡುಗ ತೆಂಗಿನ ಗರಿಯ ಕಡ್ಡಿ ಹಾಕಿ ಕೆದಕಿದ್ದೇ ತಡ, ಅರ್ಧ ಚೊಂಬು ಕೆಂಪು ನೀರು ಸುರಿಯಿತು. ಹೊಸ ಹಾಳೆ ಅಂಟಿಸಿದ. ಅಲ್ಲಿಗೆ ನೀರಿನ ಕಥೆ ಮುಗಿಯಿತು.

ಚೆಂಡೆ ಮಾತ್ರ ಈಗ ಚೆನ್ನಾಗಿ ಕೇಳುತ್ತದೆ, ಅದನ್ನು ಒಪ್ಪಬೇಕು.

ರಬ್ಬರಿನ ಕಥೆ ಮುಗಿಯಲಿಲ್ಲ. ಮಾವನಿಗೆ ತೆಂಗಿನೆಣ್ಣೆ ಬೇಡ ಎನ್ನಲು ಕಾರಣ ಬೇಕಿತ್ತು. ಹುಡುಕಿ ಓದಿದಾಗ ಗೊತ್ತಾದದ್ದು, ಕಾರಿನ ಬಾಗಿಲಿಗೆ ಈಗ ಬರುವುದು ಮರದ ರಬ್ಬರೇ ಅಲ್ಲ. ಹೆಚ್ಚಿನವು ಇಪಿಡಿಎಂ ಎಂಬ ಕೃತಕ ರಬ್ಬರು, ಪೆಟ್ರೋಲಿಯಂನಿಂದ ಬರುವ ಎಥಿಲೀನ್, ಪ್ರೊಪಿಲೀನ್ ಸೇರಿಸಿ ಮಾಡಿದ್ದು. ಮರದ ರಬ್ಬರು ಬಿಸಿಲು ಮತ್ತು ಗಾಳಿಯಲ್ಲಿರುವ ಓಜೋನಿಗೆ ಬಿರುಕು ಬಿಡುತ್ತದೆ. ಇದು ಅವೆರಡನ್ನೂ ತಡೆದುಕೊಳ್ಳುತ್ತದೆ, ನೀರಿಗಂತೂ ಜಗ್ಗುವುದಿಲ್ಲ. ಇದಕ್ಕೆ ಆಗದಿರುವುದು ಎಣ್ಣೆ. ಡೀಸೆಲ್, ಎಂಜಿನ್ ಆಯಿಲ್, ಪೆಟ್ರೋಲಿಯಂ ಜೆಲ್ಲಿ, ತುಕ್ಕು ಬಿಡಿಸುವ ಸ್ಪ್ರೇ, ಯಾವುದನ್ನು ಹಚ್ಚಿದರೂ ಆ ದಿನ ಹೊಳೆಯುತ್ತದೆ, ನಿಧಾನಕ್ಕೆ ಉಬ್ಬಿ ಸಡಿಲವಾಗುತ್ತದೆ. ತೆಂಗಿನೆಣ್ಣೆಯೂ ಒಳ್ಳೆಯದಲ್ಲ.

ಮಾವ ಎಲ್ಲಾ ಕೇಳಿದರು. "ಮರದ್ದಲ್ಲವಾ? ಹಾಗಾದ್ರೆ ಅದನ್ನು ರಬ್ಬರು ಅಂತ ಯಾಕೆ ಹೇಳುವುದು ಮಾರಾಯ್ತಿ" ಎಂದರು. ಕಾರಿಗಿಂತ ಅವರಿಗೆ ಅದೇ ಜಾಸ್ತಿ ಬೇಜಾರಾದ ಹಾಗೆ ಕಂಡಿತು. ರಬ್ಬರಿನ ರೇಟು ಬಿದ್ದಾಗಲೆಲ್ಲ ಈಗ ನಮ್ಮ ಕಾರಿನ ಬಾಗಿಲನ್ನೊಮ್ಮೆ ನೋಡುತ್ತಾರೆ. ಟಯರಿಗೆ ಈಗಲೂ ಮರದ ರಬ್ಬರು ಬೇಕೇ ಬೇಕು ಅಂತ ಹೇಳಿದ ಮೇಲೆ ಸ್ವಲ್ಪ ಸಮಾಧಾನ.

ಈಗ ಬೀಡಿಂಗಿನ ಉಸ್ತುವಾರಿ ನನ್ನದು. ವರ್ಷಕ್ಕೆ ಎರಡು ಸಲ ಸಾಕು. ಮೇ ಕೊನೆಯಲ್ಲಿ, ರಬ್ಬರು ಮರಗಳಿಗೆ ಮಳೆನೀರು ತಡೆಯುವ ರೈನ್‌ಗಾರ್ಡ್ ಪ್ಲಾಸ್ಟಿಕ್ ಕಟ್ಟುವ ಹೊತ್ತಿಗೆ ಒಮ್ಮೆ. ದೀಪಾವಳಿ ಕಳೆದು ಧೂಳು ಏಳುವ ಮೊದಲು ಇನ್ನೊಮ್ಮೆ. ಅರ್ಧ ಬಕೆಟ್ ನೀರಿಗೆ ಒಂದು ಮುಚ್ಚಳ ಕಾರ್ ಶಾಂಪೂ, ಹಳೇ ಬನಿಯನ್ ಬಟ್ಟೆ. ಬೀಡಿಂಗಿನ ಮಡಿಕೆ ಬಿಡಿಸಿ ಒರೆಸಬೇಕು, ಕೊಳೆ ಕೂರುವುದು ಅಲ್ಲೇ. ಅದು ಬಂದು ಮುಟ್ಟುವ ಬಾಗಿಲಿನ ತಗಡನ್ನೂ ಒರೆಸಬೇಕು. ಇದನ್ನು ಯಾರೂ ಮಾಡುವುದಿಲ್ಲ. ಒಂದು ಕಡೆ ಶುದ್ಧ, ಇನ್ನೊಂದು ಕಡೆ ಮರಳು ಇದ್ದರೆ ಬಾಗಿಲು ಹಾಕಿದಾಗೆಲ್ಲ ಉಜ್ಜಿದ ಹಾಗೇ. ಆಮೇಲೆ ಬಾಗಿಲು ತೆರೆದಿಟ್ಟು ಪೂರ್ತಿ ಒಣಗಿಸುವುದು.

ಒಣಗಿದ ಮೇಲೆ ಸಿಲಿಕೋನ್ ಗ್ರೀಸ್. ಇದನ್ನು ಕೊಳ್ಳಲು ಹೋದ ಕಥೆ ಬೇರೆ ಉಂಟು. ಹಾರ್ಡ್‌ವೇರ್ ಅಂಗಡಿಯಲ್ಲಿ "ಸಿಲಿಕೋನ್ ಕೊಡಿ" ಎಂದದ್ದಕ್ಕೆ ಕಿಟಕಿ ಗಾಜಿಗೆ ಹಾಕುವ ಅಂಟಿನ ಟ್ಯೂಬ್ ಕೊಟ್ಟರು. ಮನೆಗೆ ಬಂದು ಮುಚ್ಚಳ ಕತ್ತರಿಸುವಾಗ ವಿನೆಗರ್ ವಾಸನೆ ಬಂದದ್ದರಿಂದ ಬಚಾವಾದೆ, ಇಲ್ಲದಿದ್ದರೆ ನಾಲ್ಕೂ ಬಾಗಿಲು ಅಂಟಿ ಕೂರುತ್ತಿತ್ತು. ಬೇಕಾದ್ದು ಗ್ರೀಸ್ ಅಥವಾ ಸ್ಪ್ರೇ, ಪೆಟ್ರೋಲಿಯಂ ಸೇರಿಲ್ಲ ಅಂತ ಬರೆದಿರಬೇಕು. ಒಂದು ಬಾಗಿಲಿಗೆ ಕಡಲೆಕಾಳಿನಷ್ಟು ಧಾರಾಳ. ಬೆರಳಲ್ಲಿ ಸವರಿ, ಹತ್ತು ನಿಮಿಷ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ ತೆಗೆಯುವುದು. ಮುಟ್ಟಿದರೆ ಕೈ ಜಾರಬೇಕು, ಕೈಗೆ ಅಂಟಬಾರದು. ಸ್ಪ್ರೇ ಆದರೆ ಬಟ್ಟೆಗೆ ಹೊಡೆದು ಹಚ್ಚಬೇಕು, ನೇರ ಹೊಡೆದರೆ ಗಾಜಿಗೆಲ್ಲ ಹಾರಿ ಮಳೆಯಲ್ಲಿ ಎದುರು ಮಸುಕು. ಕಾರಿಗೆ ಪೇಂಟ್ ಮಾಡಿಸುವ ಯೋಚನೆ ಇದ್ದರೆ ಆ ವಾರ ಸಿಲಿಕೋನ್ ಮುಟ್ಟಲೇಬೇಡಿ. ಅದರ ಪಸೆ ಇದ್ದಲ್ಲಿ ಬಣ್ಣ ಕೂರದೆ ಸಣ್ಣ ಸಣ್ಣ ಗುಂಡಿ ಬೀಳುತ್ತದೆ.

ಗಾಜು ಏರಿಳಿಯುವ ಸಂದಿಯ ರಬ್ಬರಿಗೆ ಗ್ರೀಸ್ ಬೇಡ. ಅದರೊಳಗೆ ಮಖಮಲ್ಲಿನ ಹಾಗೆ ಇರುತ್ತದೆ, ಗ್ರೀಸ್ ತಾಗಿದರೆ ಧೂಳು ಹಿಡಿದು ಗಾಜಿಗೆ ಗೀರು ಬೀಳುತ್ತದೆ. ಬೀಡಿಂಗಿನ ಮೈಯಲ್ಲಿ ಅಲ್ಲಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ ಇಲಿ ಅಂದುಕೊಳ್ಳಬೇಡಿ. ಒಳಗೆ ಟೊಳ್ಳು ಇರುವುದರಿಂದ ಬಾಗಿಲು ಹಾಕಿದಾಗ ಗಾಳಿ ಹೊರಹೋಗಲು ಬೇಕೆಂದೇ ಇಟ್ಟದ್ದು. ನಾನು ಮೊದಲ ಸಲ ಅವಕ್ಕೆ ಫೆವಿಕ್ವಿಕ್ ಹಾಕಲು ಹೊರಟಿದ್ದೆ.

ಉಳಿದದ್ದು ನಮ್ಮದೇ ಅಭ್ಯಾಸಗಳು. ಸೀಟ್ ಬೆಲ್ಟ್ ಪೂರ್ತಿ ಒಳಗೆ ಹೋಗುವ ಮೊದಲು ಬಾಗಿಲು ಬಡಿದರೆ ಅದರ ಲೋಹದ ನಾಲಿಗೆ ಬೀಡಿಂಗಿಗೆ ಸಿಕ್ಕಿ ಕತ್ತಿಯ ಹಾಗೆ ಕೊಯ್ಯುತ್ತದೆ. ನಮ್ಮ ಡ್ರೈವರ್ ಬಾಗಿಲಿನ ಬೀಡಿಂಗಿನಲ್ಲಿರುವ ಕಚ್ಚು ನಾನೇ ಮಾಡಿದ್ದು. ಅತ್ತೆ ಹತ್ತುವಾಗ ಕೆಳಗಿನ ರಬ್ಬರಿನ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲುತ್ತಾರೆ. ಅವರ ಮಂಡಿನೋವಿಗೆ ಬೇರೆ ದಾರಿ ಇಲ್ಲ, ಅದನ್ನು ನಾನು ಹೇಳಲು ಹೋಗಲಿಲ್ಲ.

ಬಿಚ್ಚಿದ ಹಳೇ ಬೀಡಿಂಗ್‌ಗಳನ್ನು ಮಾವ ಎಸೆಯಲು ಬಿಡಲಿಲ್ಲ. ಅದರ ಕಚ್ಚಿನೊಳಗೆ ಲೋಹದ ಪಟ್ಟಿ ಇರುತ್ತದಲ್ಲ, ತಗಡಿನ ಅಂಚಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಕೈ ಕೊಯ್ಯದ ಹಾಗೆ ಪಂಪ್ ಶೆಡ್ಡಿನ ತಗಡಿನ ಬಾಗಿಲಿಗೆ ಸುತ್ತ ಸಿಕ್ಕಿಸಿದ್ದಾರೆ. ಚಂದ ಕೂತಿದೆ. ಮೊನ್ನೆ ಮೋಟಾರ್ ಹಾಕಲು ಹೋದಾಗ ನೋಡಿದೆ, ತೆಂಗಿನೆಣ್ಣೆ ಹಚ್ಚಿ ಮಿರಿಮಿರಿ ಮಿಂಚಿಸಿದ್ದಾರೆ.