ಸಣ್ಣ ಕೆಲಸಕ್ಕೆ ಯಾರು ಬರ್ತಾರೆ?

ಬೆಂಗಳೂರಿನಲ್ಲಿ ಮನೆ ಕಟ್ಟಲು ಜನ ಸಿಗುತ್ತಾರೆ. ಬಾತ್‌ರೂಮು ಪೂರ್ತಿ ಒಡೆದು ಹೊಸದು ಮಾಡಲೂ ಸಿಗುತ್ತಾರೆ. ಒಂದು ನಲ್ಲಿಗೆ ವಾಷರ್ ಹಾಕಿಕೊಡಿ ಅಂದರೆ ಮಾತ್ರ ಯಾರೂ ಬರುವುದಿಲ್ಲ. ಪ್ಲಂಬರ್‌ಗಳನ್ನು ನಾನು ದೂರುವುದಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ಟ್ರಾಫಿಕ್ಕಿನಲ್ಲಿ ಅರ್ಧ ದಿನ ಕಳೆದರೆ ಅವರ ಮನೆ ನಡೆಯಬೇಕಲ್ಲ. ಆದರೆ ಒಂಟಿಯಾಗಿರುವ ವಯಸ್ಸಾದವರ ಮನೆಯಲ್ಲಿ ಆ ಹತ್ತು ನಿಮಿಷದ ಕೆಲಸ ತಿಂಗಳುಗಟ್ಟಲೆ ಹಾಗೇ ಉಳಿದುಬಿಡುತ್ತದೆ. ಮಕ್ಕಳು ದೂರದ ಊರಲ್ಲಿ. ಗುರುತಿಲ್ಲದವರನ್ನು ಒಳಗೆ ಕರೆಯಲು ಭಯ.

ಹನುಮಂತನಗರ, ಶ್ರೀನಗರದ ಸುತ್ತಮುತ್ತ ನಾವು ಕೆಲವರು ಭಾನುವಾರ ಇಂಥ ಕೆಲಸಕ್ಕೆ ಹೋಗುತ್ತೇವೆ. ಸಂಘ, ಬ್ಯಾನರ್ ಏನೂ ಇಲ್ಲ. ಒಂದು ಡ್ರಿಲ್ ಮಷೀನು, ಎರಡು ಟೂಲ್ ಬ್ಯಾಗು, ಒಂದು ವಾಟ್ಸಾಪ್ ಗುಂಪು, ಅಷ್ಟೇ. ನಮಗೆಲ್ಲ ಕೆಲಸ ಕಲಿಸಿದವರು ಎಚ್‌ಎಂಟಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು. ನಾವು ಅವರನ್ನು ಮೇಷ್ಟ್ರೇ ಅಂತ ಕರೆಯುತ್ತೇವೆ. 1940ರಲ್ಲಿ ವಿಮಾನದ ಎಚ್‌ಎಎಲ್, 1948ರಲ್ಲಿ ಟೆಲಿಫೋನಿನ ಐಟಿಐ, 1953ರಲ್ಲಿ ಯಂತ್ರೋಪಕರಣದ ಎಚ್‌ಎಂಟಿ, ಮರುವರ್ಷ ಎಲೆಕ್ಟ್ರಾನಿಕ್ಸಿನ ಬಿಇಎಲ್ ಬೆಂಗಳೂರಿನಲ್ಲಿ ಶುರುವಾದವು. ಈ ಕಾರ್ಖಾನೆಗಳಲ್ಲಿ ದುಡಿದು ಪಳಗಿದವರು ಈಗಲೂ ಊರಿನ ಎಷ್ಟೋ ಬೀದಿಗಳಲ್ಲಿ ಇದ್ದಾರೆ. ಪಾರ್ಕಿನ ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತಿರುತ್ತಾರೆ. ಅವರ ಕೈಯಲ್ಲಿರುವ ವಿದ್ಯೆಯನ್ನು ಯಾರೂ ಹೋಗಿ ಕೇಳುವುದಿಲ್ಲ ಅನ್ನುವುದು ನನಗೆ ನಿಜವಾಗಲೂ ಸಂಕಟ.

ಹೋದ ಮಳೆಗಾಲದ ಒಂದು ಭಾನುವಾರದ ಬಗ್ಗೆ ಹೇಳುತ್ತೇನೆ. ಬೆಳಿಗ್ಗೆ ಒಬ್ಬ ಅಜ್ಜಿಯ ಮನೆ. ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಒಂದು ಸ್ಟೀಲ್ ಹಿಡಿ ಬೇಕಿತ್ತು. ಮಗಳು ಆನ್‌ಲೈನಲ್ಲಿ ಕಳಿಸಿದ ಹಿಡಿ ಡಬ್ಬಿ ಸಮೇತ ಬೀರುವಿನ ಮೇಲಿತ್ತು. ಅದನ್ನು ಗೋಡೆಗೆ ಹಾಕುವವರು ಇರಲಿಲ್ಲ, ಅಷ್ಟೇ.

ಹಿಡಿ ಎಷ್ಟು ಎತ್ತರದಲ್ಲಿರಬೇಕು ಅಂತ ನಾನು ಫೋನ್ ತೆಗೆದು ನೋಡತೊಡಗಿದೆ. ಮೇಷ್ಟ್ರು ಬೇಡ ಅಂದರು. ಅಜ್ಜಿಯನ್ನು ಸ್ನಾನದ ಸ್ಟೂಲಿನ ಮೇಲೆ ಕೂರಿಸಿ, ‘ಈಗ ಏಳಿ’ ಅಂದರು. ಏಳುವಾಗ ಅವರ ಕೈ ತಾನಾಗೇ ಗೋಡೆಯ ಒಂದು ಕಡೆ ಹೋಯಿತು. ಅಲ್ಲೇ ಪೆನ್ಸಿಲ್ ಗುರುತು ಹಾಕಿ, ರಸಮಟ್ಟ ಇಟ್ಟು ಗೆರೆ ಎಳೆದರು. ಟೈಲ್ಸ್ ಮೇಲೆ ಡ್ರಿಲ್ ಬಿಟ್ ಜಾರದಂತೆ ಟೇಪ್ ಅಂಟಿಸಿದರು. ಟೈಲ್ಸ್ ದಾಟುವವರೆಗೂ ಡ್ರಿಲ್‌ನ ಹ್ಯಾಮರ್ ಮೋಡ್ ಹಾಕಬಾರದು. ಹಾಕಿದರೆ ಬಿರುಕು ಬಿಡುತ್ತದೆ. ಹಳೇ ಮನೆ ಬೇರೆ. ಇಟ್ಟಿಗೆಯ ನಡುವಿನ ಗಾರೆಯಲ್ಲಿ ಸ್ಕ್ರೂ ಹಿಡಿಯುವ ಪ್ಲಗ್ ಕೂತರೆ ಹಿಡಿತ ಇರಲ್ಲ, ಇಟ್ಟಿಗೆಯಲ್ಲೇ ಕೂರಬೇಕು. ಬರುವ ಪುಡಿ ಕೆಂಪಾಗಿದ್ದರೆ ಇಟ್ಟಿಗೆ ಸಿಕ್ಕಿತು ಅಂತ ಅರ್ಥ. ಹಿಡಿ ಹಾಕಿದ ಮೇಲೆ ಮೇಷ್ಟ್ರು ತಮ್ಮ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಜಗ್ಗಿದರು. ನನ್ನ ಕೈಲೂ ಜಗ್ಗಿಸಿದರು. ಆಮೇಲೇ ಅಜ್ಜಿಯನ್ನು ಕರೆದದ್ದು.

ಅಡುಗೆಮನೆ ನಲ್ಲಿಯೂ ಸೋರುತ್ತಿತ್ತು. ಸೆಕೆಂಡಿಗೆ ಒಂದು ಹನಿಯಂತೆ ಬಿದ್ದರೂ ದಿನಕ್ಕೆ ಸುಮಾರು 20 ಲೀಟರ್ ಹೋಗುತ್ತದೆ. ನೂರು ಕಿಲೋಮೀಟರ್ ಆಚೆ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ತರುವ ಕಾವೇರಿ ನೀರು ಅದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದವರಿಗೆ ಆ 20 ಲೀಟರಿನ ಬೆಲೆ ಗೊತ್ತು. ವಾಷರ್ ಬದಲಾಯಿಸಿದೆವು. ಅಜ್ಜಿ ದುಡ್ಡು ಕೊಡಲು ಬಂದರು. ಬೇಡ ಅಂದೆವು. ಕಾಫಿ ಮಾತ್ರ ಯಾವತ್ತೂ ಬೇಡ ಅನ್ನುವುದಿಲ್ಲ. ಬರೀ ತೆಗೆದುಕೊಳ್ಳುವವರಾಗಿ ಇರಲು ಯಾರಿಗೂ ಇಷ್ಟ ಇರಲ್ಲ, ಅಲ್ವಾ?

ಮಧ್ಯಾಹ್ನ ಹೋದದ್ದು ಹೆಣ್ಣುಮಕ್ಕಳ ಒಂದು ಆಶ್ರಮಕ್ಕೆ. ಹೆಸರು ಬೇಡ. ಅಲ್ಲಿ ಫೋಟೋ ತೆಗೆಯುವುದಿಲ್ಲ ಅಂತ ನಾವು ಮೊದಲೇ ಒಪ್ಪಿದ್ದೆವು. ಇಂಥ ಮಕ್ಕಳ ಗುರುತು ಹೊರಗೆ ಬರಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ವಾರ್ಡನ್ ಜೊತೆಗಿಲ್ಲದೆ ನಾವು ಒಳಗೆ ಹೆಜ್ಜೆ ಇಡುವುದೂ ಇಲ್ಲ.

ಏನು ರಿಪೇರಿ ಇದೆ ಅಂತ ಕೇಳಿದೆವು. ವಾರ್ಡನ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಟಾಯ್ಲೆಟ್ ಚಿಲಕ ಅಂದರು. ಎರಡು ಬಾಗಿಲಿಗೆ ಚಿಲಕ ಬೀಳುತ್ತಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಹುಟ್ಟುಹಬ್ಬಕ್ಕೆ ಕೇಕ್ ತರುವವರಿದ್ದಾರೆ, ಬಿಸ್ಕೆಟ್ಟು, ನೋಟ್‌ಬುಕ್ಕು, ಬಟ್ಟೆ ಎಲ್ಲಾ ಬರುತ್ತದೆ, ಇದನ್ನು ಯಾರ ಹತ್ತಿರ ಕೇಳೋದು ಅಂತ ಅವರು ಹೇಳಿದಾಗ ನನಗೆ ಮಾತು ಹೊರಡಲಿಲ್ಲ. ಹದಿಮೂರು, ಹದಿನಾಲ್ಕು ವಯಸ್ಸಿನ ಹುಡುಗಿಯರು. ಕೇಕ್ ತರುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಕೇಕ್ ತಂದವರು ಒಂದು ಸಲ ಆ ಬಾಗಿಲನ್ನೂ ನೋಡಬೇಕಿತ್ತು.

ಚಿಲಕ ಸರಿಯಾಗೇ ಇತ್ತು. ಮೇಲಿನ ಹಿಂಜಸ್‌ನ ಸ್ಕ್ರೂಗಳು ಸಡಿಲವಾಗಿ ಬಾಗಿಲು ಜೋತಿತ್ತು. ಹಾಗಾಗಿ ಚಿಲಕಕ್ಕೆ ಎದುರಿನ ತೂತು ಸಿಗುತ್ತಿರಲಿಲ್ಲ. ಮೇಷ್ಟ್ರು ಹಳೇ ಸ್ಕ್ರೂ ಬಿಚ್ಚಿ, ಅಗಲವಾಗಿದ್ದ ತೂತಿಗೆ ಫೆವಿಕಾಲ್ ಹಚ್ಚಿದ ಬೆಂಕಿಕಡ್ಡಿಗಳನ್ನು ಒತ್ತಿ ತುಂಬಿ, ಉದ್ದನೆಯ ಸ್ಕ್ರೂ ಹಾಕಿದರು. ಬಾಗಿಲು ಮೇಲೆದ್ದಿತು. ಚಿಲಕ ಟಕ್ ಅಂತ ಬಿತ್ತು. ನೀರು ತಾಗಿ ಕೊಳೆತಿದ್ದ ಬಾಗಿಲಿನ ಬುಡಕ್ಕೆ ಅಲ್ಯೂಮಿನಿಯಂ ಶೀಟು ಹೊಡೆದೆವು. ಎರಡನೇ ಬಾಗಿಲಿನ ಸ್ಕ್ರೂಗಳನ್ನು ಅಲ್ಲಿನ ದೊಡ್ಡ ಹುಡುಗಿಯರೇ ಬಿಗಿ ಮಾಡಿದರು. ನಾವು ಬಾಗಿಲು ಎತ್ತಿ ಹಿಡಿದುಕೊಂಡಿದ್ದೆವು. ಒಬ್ಬಳು ಒಳಗೆ ಹೋಗಿ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು.

ವೈರಿಂಗ್, ಗ್ಯಾಸು, ಛಾವಣಿ ಹತ್ತುವ ಕೆಲಸ ನಾವು ಮುಟ್ಟುವುದಿಲ್ಲ. ಅದಕ್ಕೆ ಲೈಸೆನ್ಸ್ ಇರುವವರು, ಕಸುಬು ಗೊತ್ತಿರುವವರು ಬೇಕು. ಅಂಥ ಕಡೆ ಎಲೆಕ್ಟ್ರಿಷಿಯನ್ ಕರೆಸಿ, ಖರ್ಚನ್ನು ಎಲ್ಲರೂ ಹಂಚಿಕೊಳ್ಳುತ್ತೇವೆ.

ಆ ಆಶ್ರಮದಲ್ಲಿ ಇನ್ನೂ ಕೆಲಸ ಬಾಕಿ ಇದೆ. ಸಿಂಕಿನ ಪೈಪು ನಾವು ಮಾಡುತ್ತೇವೆ. ಎರಡಂತಸ್ತಿನ ಮಂಚದ ಏಣಿಯ ಒಂದು ಮೆಟ್ಟಿಲು ಕಳಚಿಬಂದಿದೆ, ಅದು ಕಬ್ಬಿಣದ್ದು, ವೆಲ್ಡಿಂಗ್ ಆಗಬೇಕು. ನಮ್ಮಲ್ಲಿ ಯಾರಿಗೂ ವೆಲ್ಡಿಂಗ್ ಬರಲ್ಲ. ಮೇಷ್ಟ್ರು ತಮ್ಮ ಜೊತೆ ಕೆಲಸ ಮಾಡಿದ್ದ ವೆಲ್ಡರ್ ಒಬ್ಬರಿಗೆ ಫೋನ್ ಮಾಡಿದ್ದಾರೆ. ಮಂಡಿನೋವು ಇದೆಯಂತೆ, ಆದರೂ ಬರ್ತೀನಿ ಅಂದಿದ್ದಾರೆ. ಕರೆದುಕೊಂಡು ಬರಲು ಆಟೋ ಮಾತಾಡಿದ್ದೇವೆ.