ಎಂಟು ಸಾಲಿನ ಪರದೆಯಲ್ಲಿ ಕನ್ನಂಬಾಡಿ ಲೆಕ್ಕ

ಮಳೆಗಾಲದಲ್ಲಿ ಮೈಸೂರು, ಮಂಡ್ಯದ ಕಡೆ ಪೇಪರ್ ಬಿಡಿಸಿದ ಕೂಡಲೇ ಕಣ್ಣು ಹುಡುಕುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು. ಮೈಸೂರಿನಲ್ಲಿ ಒಂದು ಭಾನುವಾರ ಟಿಆರ್‌ಎಸ್-80 ಮಾಡೆಲ್ 100 ಎಂಬ ಹಳೆಯ ಪುಟ್ಟ ಕಂಪ್ಯೂಟರನ್ನು ಮುಂದಿಟ್ಟುಕೊಂಡು ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತಾಗ ಮೊದಲ ಪ್ರೋಗ್ರಾಮಿಗೆ ಆರಿಸಿಕೊಂಡದ್ದೂ ಅದೇ ಲೆಕ್ಕ. ಇದು 1983ರ ಯಂತ್ರ. ತಯಾರಿಸಿದ್ದು ಜಪಾನಿನ ಕ್ಯೋಸೆರಾ, ಮಾರಿದ್ದು ಅಮೆರಿಕದ ರೇಡಿಯೊ ಶಾಕ್. ಪರದೆಗೆ ಎಂಟೇ ಸಾಲು, ಸಾಲಿಗೆ 40 ಅಕ್ಷರ.

ಮೊದಲು ಕರೆಂಟಿನ ವಿಚಾರ. ಇದಕ್ಕೆ ಬೇಕಾದದ್ದು 6 ವೋಲ್ಟ್, ಅದೂ ಪಿನ್ನಿನ ನಡುವೆ ಮೈನಸ್. ನಮ್ಮ ಅಂಗಡಿಗಳಲ್ಲಿ ಸಿಗುವ ಅಡಾಪ್ಟರುಗಳಲ್ಲಿ ಹೆಚ್ಚಿನವಕ್ಕೆ ನಡುವೆ ಪ್ಲಸ್ ಇರುತ್ತದೆ, ನೋಡದೆ ಚುಚ್ಚಬಾರದು. ನಾಲ್ಕು ಪೆನ್ಸಿಲ್ ಸೆಲ್ ಹಾಕುವುದೇ ಕ್ಷೇಮ. ತಳದಲ್ಲಿರುವ ಮೆಮೊರಿ ಸ್ವಿಚ್ ಆನ್ ಇರಬೇಕು, ಅದನ್ನು ಆಫ್ ಮಾಡಿದರೆ ಬರೆದದ್ದೆಲ್ಲ ಹೋಗುತ್ತದೆ. ಸೆಲ್ ತೆಗೆದಾಗ ಮೆಮೊರಿ ಕಾಯುವುದು ಒಳಗೆ ಬೆಸುಗೆ ಹಾಕಿದ ಪುಟ್ಟ ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿ. ಹಳೆಯ ಯಂತ್ರಗಳಲ್ಲಿ ಅದು ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದಿರುತ್ತದೆ. ಬಿಚ್ಚಿ ನೋಡಿ, 3.6 ವೋಲ್ಟಿನ ಹೊಸದನ್ನು ಹಾಕಿದ ಮೇಲೆಯೇ ಕಲಿಕೆಗೆ ಕೂರಬೇಕು.

ಮೆನುವಿನಲ್ಲಿ ಬೇಸಿಕ್ ಮೇಲೆ ಕರ್ಸರ್ ಇಟ್ಟು ಎಂಟರ್ ಒತ್ತಿದರೆ ಸಾಕು, ಬರೆಯಲು ಸಿದ್ಧ. 10ನೇ ಸಾಲಿನಲ್ಲಿ ನಿನ್ನೆಯ ಮಟ್ಟಕ್ಕೆ ಇನ್‌ಪುಟ್, 20ರಲ್ಲಿ ಇವತ್ತಿನದಕ್ಕೆ, 30ರಲ್ಲಿ ವ್ಯತ್ಯಾಸದ ಪ್ರಿಂಟ್, 40ರಲ್ಲಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿಗೆ ಇನ್ನೆಷ್ಟು ಬೇಕು ಎಂಬುದು. ವೇರಿಯಬಲ್ಲುಗಳಿಗೆ, ಅಂದರೆ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಜಾಗಗಳಿಗೆ, ಲೆವೆಲ್1, ಲೆವೆಲ್2 ಎಂದು ಹೆಸರಿಟ್ಟು 110.45, 111.20 ಕೊಟ್ಟರೆ ಏರಿಕೆ ಸೊನ್ನೆ! ಯಾವ ಎರರ್ ಕೂಡ ಇಲ್ಲ. ಈ ಬೇಸಿಕ್ ಹೆಸರಿನ ಮೊದಲ ಎರಡು ಅಕ್ಷರಗಳನ್ನಷ್ಟೇ ಗಮನಿಸುತ್ತದೆ. ಎರಡೂ ಅದಕ್ಕೆ 'ಎಲ್‌ಇ'ಯೇ. ಎರಡನೇ ಇನ್‌ಪುಟ್ ಮೊದಲನೆಯದನ್ನು ಅಳಿಸಿ ಕೂತಿತ್ತು. ನಿನ್ನೆಗೆ 'ಎನ್', ಇವತ್ತಿಗೆ 'ಐ' ಎಂದು ಬದಲಿಸಿದ ಮೇಲೆ .75 ಬಂತು, ದಶಮಾಂಶದ ಹಿಂದಿನ ಸೊನ್ನೆಯನ್ನು ಅದು ತೋರಿಸುವುದಿಲ್ಲ. 'ಟೋಟಲ್' ಎಂಬ ಹೆಸರೂ ನಡೆಯದು. ಅದರ ಮೊದಲೆರಡು ಅಕ್ಷರಗಳನ್ನು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪಿನ 'ಟು' ಎಂದೇ ಓದಿಕೊಂಡು ಸಿಂಟ್ಯಾಕ್ಸ್ ಎರರ್ (ಬರವಣಿಗೆಯ ತಪ್ಪು) ಎನ್ನುತ್ತದೆ.

ಲೆಕ್ಕದ ನಿಖರತೆ ಮಾತ್ರ ಮೆಚ್ಚಲೇಬೇಕು. ಸಂಖ್ಯೆಗಳನ್ನು ಅದು ದಶಮಾಂಶದ ಅಂಕಿಗಳಾಗಿಯೇ, 14 ಅಂಕಿಯವರೆಗೆ ಇಟ್ಟುಕೊಳ್ಳುತ್ತದೆ. 0.1ಕ್ಕೆ 0.2 ಕೂಡಿಸಿದರೆ ಇಂದಿನ ಪೈಥಾನ್ ಭಾಷೆ 0.30000000000000004 ಎನ್ನುತ್ತದೆ, ಇದು .3 ಎಂದಷ್ಟೇ ಹೇಳುತ್ತದೆ. ಅಡಿ, ರೂಪಾಯಿಗಳ ಲೆಕ್ಕಕ್ಕೆ ಇಂಥದ್ದೇ ಬೇಕು.

ಉದ್ದದ ಪ್ರೋಗ್ರಾಮನ್ನು ಲಿಸ್ಟ್ ಮಾಡಿದರೆ ಮೇಲಿನ ಸಾಲುಗಳು ಸರ್ರನೆ ಓಡಿಬಿಡುತ್ತವೆ, ಪಾಸ್ ಕೀಲಿಯಿಂದ ತಡೆಯಬೇಕು. ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸಲು ಶಿಫ್ಟ್ ಜೊತೆಗೆ ಅದೇ ಕೀಲಿ.

ಸೇವ್ ಮಾಡುವಾಗ ಹೆಸರು ಆರು ಅಕ್ಷರ ಮೀರಬಾರದು. ಒಮ್ಮೆ ಸೇವ್ ಆದ ಪ್ರೋಗ್ರಾಮನ್ನು ಲೋಡ್ ಮಾಡಿ ತಿದ್ದಿದರೆ ತಿದ್ದುಪಡಿ ನೇರವಾಗಿ ಆ ಫೈಲಿಗೇ ಸೇರುತ್ತದೆ, ಇನ್ನೊಮ್ಮೆ ಸೇವ್ ಕೇಳುವುದಿಲ್ಲ. ಆದ್ದರಿಂದ ತಿದ್ದುವ ಮೊದಲೇ ಹೆಸರಿನ ನಂತರ ಕಾಮಾ, 'ಎ' ಸೇರಿಸಿ ಸೇವ್ ಮಾಡಿ, ಒಂದು ಪಠ್ಯ ಪ್ರತಿ ಇಟ್ಟುಕೊಳ್ಳಬೇಕು.