ಕೂರಿಸೋರು ಯಾರು?

ಪಾದದ ಮೂಳೆ ಮುರಿದು ನಾನು ಮನೆಯಲ್ಲಿ ಕುಳಿತ ಮೇಲೆ ನೋಡಲು ಬಂದವರೆಲ್ಲರೂ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕೆಂದು ಹೇಳಿಹೋಗಿದ್ದಾರೆ. ಅದು ಪ್ರೀತಿಯಿಂದ ಬಂದ ಮಾತೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಗಟ್ಟಿಯಾಗಿರುವುದು ಯಾರಿಗೆ ಎಷ್ಟು ಸಾಧ್ಯ ಎಂದು ಯೋಚಿಸುವಂತೆ ಮಾಡಿದವರು ಅವರಲ್ಲ. ಈ ವಾರ ಹಾಸನದಲ್ಲಿ ಫಿಸಿಯೋಥೆರಪಿಗೆ ಹೋದಾಗ ನನ್ನ ಪಕ್ಕದಲ್ಲಿ ಕುಳಿತಿದ್ದ, ಗಾರೆ ಕೆಲಸ ಮಾಡುವ ಐವತ್ತರ ಆಸುಪಾಸಿನ ಒಬ್ಬರು.

ಮೂಳೆ ಕೂಡತೊಡಗಿದೆ, ಇನ್ನು ಸ್ವಲ್ಪ ಸ್ವಲ್ಪವಾಗಿ ಭಾರ ಹಾಕಬಹುದು ಎಂದು ಎಕ್ಸ್‌ರೇ ನೋಡಿದ ವೈದ್ಯರು ಬರೆದುಕೊಟ್ಟಿದ್ದರು. ಭಾರದ ಅಳತೆ ಕಾಲಿಗೆ ಅಭ್ಯಾಸವಾಗಲೆಂದು ಥೆರಪಿಸ್ಟ್ ನನ್ನನ್ನು ಎರಡು ಸರಳುಗಳ ನಡುವೆ ನಿಲ್ಲಿಸಿ, ಎಡಪಾದದ ಕೆಳಗೆ ಮುಳ್ಳಿರುವ ತೂಕದ ಯಂತ್ರವನ್ನೂ ಬಲಪಾದದ ಕೆಳಗೆ ಅಷ್ಟೇ ಎತ್ತರದ ಮರದ ಹಲಗೆಯನ್ನೂ ಇಟ್ಟು, ಇಪ್ಪತ್ತು ಕೆ.ಜಿ. ತೋರಿಸುವವರೆಗೆ ಒತ್ತಲು ಹೇಳಿದರು. ನೋವಿರಲಿಲ್ಲ. ಆದರೂ ಮುಳ್ಳು ನಾಲ್ಕನ್ನು ದಾಟಲಿಲ್ಲ. "ಒತ್ತಿ ಮೇಡಂ, ಇನ್ನೂ ಒತ್ತಿ, ಏನೂ ಆಗಲ್ಲ" ಎಂದು ಆಕೆ ಎಷ್ಟು ಸಮಾಧಾನದಿಂದ ಹೇಳಿದರೂ ಪಾದ ಮೇಲಕ್ಕೇ ಎಳೆದುಕೊಳ್ಳುತ್ತಿತ್ತು.

ನನ್ನ ನಂತರ ಗಾರೆ ಕೆಲಸದವರ ಸರದಿ. ಸಾರುವೆಯಿಂದ ಬಿದ್ದು ಅವರ ಹಿಮ್ಮಡಿಯ ಮೂಳೆ ಒಡೆದಿತ್ತು; ಸದ್ಯಕ್ಕೆ ಹತ್ತು ಕೆ.ಜಿ.ಗಿಂತ ಹೆಚ್ಚು ಭಾರ ಬೀಳಬಾರದೆಂದು ವೈದ್ಯರ ಸೂಚನೆಯಿತ್ತು. ಅವರು ಪಾದವಿಟ್ಟ ಕೂಡಲೇ ಮುಳ್ಳು ನಲವತ್ತರತ್ತ ಓಡಿತು. "ತೆಗೀರಿ ಅಣ್ಣ, ತೆಗೀರಿ" ಎಂದು ಥೆರಪಿಸ್ಟ್ ಗಾಬರಿಯಿಂದ ಅವರ ಮಂಡಿ ಹಿಡಿದರು. ಮನೆಯಲ್ಲಿ ಊರುಗೋಲನ್ನು ಬದಿಗಿಟ್ಟು ನಡೆಯುತ್ತಿದ್ದಾರೆಂಬುದು ಊದಿಕೊಂಡ ಪಾದದಿಂದಲೇ ತಿಳಿಯುತ್ತಿತ್ತು. ಅವರು ನನ್ನ ಕಡೆ ನೋಡಿ, "ಇವ್ರಿಗೆ ಒತ್ತಿ ಒತ್ತಿ ಅಂತೀರಿ, ನಂಗೆ ತೆಗಿ ತೆಗಿ ಅಂತೀರಿ. ಇಬ್ರನ್ನೂ ಅದಲು ಬದಲು ಮಾಡ್ಬುಡಿ ಮೇಡಂ" ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಈಗ ತಾಳಿಕೊಂಡು ಕೂತರೆ ಮುಂದೆ ಜೀವನಪೂರ್ತಿ ಓಡಾಡಬಹುದೆಂದು ಥೆರಪಿಸ್ಟ್ ತಿಳಿಹೇಳಿದಾಗ ಅವರು ನಗು ನಿಲ್ಲಿಸಿ ಹೇಳಿದ್ದು ಒಂದೇ ಮಾತು: "ಕೂತ್ಕೋತೀನಿ ಮೇಡಂ, ಕೂರಿಸೋರು ಯಾರು ಹೇಳಿ."

ಅಂದಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ.

ನನಗೆ ಮುರಿದಿರುವುದು ಕಿರುಬೆರಳಿನ ಹಿಂದಿರುವ ಉದ್ದನೆಯ ಮೂಳೆ, ಅದರ ಬುಡದ ಹತ್ತಿರ. ಒಂದು ಪಾದದಲ್ಲಿ 26 ಮೂಳೆಗಳಿವೆ. ಅವುಗಳಲ್ಲಿ ಈ ಜಾಗಕ್ಕೆ ರಕ್ತದ ಹರಿವು ಕಡಿಮೆ, ಆದ್ದರಿಂದ ಕೂಡುವುದೂ ನಿಧಾನ. ವೈದ್ಯರು ಇದನ್ನು ಜೋನ್ಸ್ ಮುರಿತ ಎನ್ನುತ್ತಾರೆ. ರಾಬರ್ಟ್ ಜೋನ್ಸ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರಿಗೆ ನೃತ್ಯ ಮಾಡುವಾಗ ಪಾದ ಹೊರಳಿ ಇದೇ ಮೂಳೆ ಮುರಿದಿತ್ತು. ಅದನ್ನು ಅವರು 1902ರಲ್ಲಿ ಬರೆದು ಪ್ರಕಟಿಸಿದ್ದರಿಂದ ಆ ಹೆಸರು ನಿಂತಿತು. ಹಾಸಿಗೆಯ ಮೇಲಿದ್ದ ದಿನಗಳಲ್ಲಿ ಅವರ ಬಗ್ಗೆ ಓದುತ್ತಾ ಹೋದ ನನಗೆ ಆ ನೃತ್ಯದ ಕಥೆಗಿಂತ ಬಹಳ ದೊಡ್ಡದಾಗಿ ಕಂಡದ್ದು ಅವರು ಅದಕ್ಕೂ ಮೊದಲು ಮಾಡಿದ ಒಂದು ಕೆಲಸ. ಮ್ಯಾಂಚೆಸ್ಟರ್ ಹಡಗುಕಾಲುವೆಯನ್ನು ಅಗೆಯುತ್ತಿದ್ದ ಸಾವಿರಾರು ಕೂಲಿಕಾರರ ಚಿಕಿತ್ಸೆಯ ಹೊಣೆ 1888ರಲ್ಲಿ ಅವರ ಮೇಲೆ ಬಿತ್ತು. ಸುಮಾರು 36 ಮೈಲಿ ಉದ್ದದ ಆ ಕಾಲುವೆಯ ದಾರಿಯಲ್ಲಿ ಮೂರು ಆಸ್ಪತ್ರೆಗಳು, ಅವುಗಳ ನಡುನಡುವೆ ಪ್ರಥಮ ಚಿಕಿತ್ಸೆಯ ಠಾಣೆಗಳು ಎಂಬ ಏರ್ಪಾಡು ಇತ್ತು. ಪೆಟ್ಟಾದವನು ಆಸ್ಪತ್ರೆಯನ್ನು ಹುಡುಕಿಕೊಂಡು ಹೋಗುವ ಬದಲು ಕೆಲಸ ನಡೆಯುವ ಜಾಗಕ್ಕೇ ಚಿಕಿತ್ಸೆ ಬಂದಿತ್ತು. ಜೋನ್ಸ್‌ಗೆ ವಿದ್ಯೆ ಕಲಿಸಿದ ಬಂಧು ಹ್ಯೂ ಓವೆನ್ ಥಾಮಸ್ ಮೂಳೆ ಕೂಡಿಸುವ ನಾಟಿ ವೈದ್ಯರ ಮನೆತನದವರು. ತೊಡೆಮೂಳೆ ಮುರಿದವರಿಗೆ ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಕಟ್ಟುವ ಥಾಮಸ್ ಸ್ಪ್ಲಿಂಟ್ ಅವರದೇ. ಮುರಿದ ಭಾಗಕ್ಕೆ ಬಿಡುವಿಲ್ಲದ, ದೀರ್ಘವಾದ ವಿಶ್ರಾಂತಿ ಬೇಕೇಬೇಕೆಂದು ಅವರು ಜೀವನವಿಡೀ ವಾದಿಸಿದರು.

ಇದಕ್ಕೆ ಎದುರಾಗಿ ಕಾಣುವ ಇನ್ನೊಂದು ಸತ್ಯವನ್ನು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ಮುಂದಿಟ್ಟರು: ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ, ಭಾರವೇ ಬೀಳದಿದ್ದರೆ ಸವೆಯುತ್ತದೆ. ಮೊದಲು ವಿಶ್ರಾಂತಿ, ಅನಂತರ ಅಳೆದು ಹಾಕಿದ ಭಾರ ಎಂಬ ಈ ಕ್ರಮದಲ್ಲಿ ನಾನು ಎರಡನೆಯದಕ್ಕೆ ಹಿಂಜರಿಯುತ್ತಿದ್ದೆ, ಗಾರೆ ಕೆಲಸದವರಿಗೆ ಮೊದಲನೆಯದೇ ದಕ್ಕಿರಲಿಲ್ಲ. "ಅದಲು ಬದಲು ಮಾಡ್ಬುಡಿ" ಎಂದು ಅವರು ನಗುತ್ತಾ ಹೇಳಿದ್ದರಲ್ಲಿ ವೈದ್ಯಶಾಸ್ತ್ರದ ಎರಡೂ ಅರ್ಧಗಳಿದ್ದವು.

ನನಗೆ ವಿಶ್ರಾಂತಿ ದಕ್ಕಿದ್ದು ನನ್ನ ಧೈರ್ಯದಿಂದಲ್ಲ. ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ; ವೈದ್ಯರ ಪ್ರಮಾಣಪತ್ರ ಕೊಟ್ಟು ಪರಿವರ್ತಿತ ರಜೆ ಹಾಕಿದೆ, ಸಂಬಳ ಬಂತು. ನನ್ನ ತರಗತಿಗಳನ್ನು ಸಹೋದ್ಯೋಗಿಗಳು ಹಂಚಿಕೊಂಡರು. ಮನೆಯಲ್ಲಿ ಅತ್ತೆಯವರು ರಾಗಿಯಲ್ಲಿ ಸುಣ್ಣದ ಅಂಶ ಹೆಚ್ಚೆಂದು ಬೆಳಿಗ್ಗೆ ಅಂಬಲಿ, ರಾತ್ರಿ ಮುದ್ದೆ, ನಡುವೆ ಮಂಗರವಳ್ಳಿಯ ಚಟ್ನಿ ಎಂದು ಕಾಲಕಾಲಕ್ಕೆ ತಂದುಕೊಟ್ಟರು. ರಾಗಿಯ ವಿಷಯದಲ್ಲಿ ಅವರ ಮಾತು ಪೂರ್ತಿ ನಿಜ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ, ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲಿರಿಸಲು ದಿಂಬು ಜೋಡಿಸುವುದು, ಸ್ನಾನದ ಮನೆಗೆ ಪ್ಲಾಸ್ಟಿಕ್ ಕುರ್ಚಿ ಇಡುವುದು, ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು ಎಂದು ನೆನಪಿಸುವುದು ನಮ್ಮ ಮನೆಯವರ ಪಾಲಿಗೆ ಬಂತು. ಪ್ಲಾಸ್ಟರ್ ಬಿಚ್ಚಿದ ದಿನ ಮೀನಖಂಡ ಅರ್ಧಕ್ಕರ್ಧ ಕರಗಿಹೋದಂತೆ ಕಂಡು ನಾನು ಅತ್ತಾಗ ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದವರೂ ಅವರೇ. ಇಷ್ಟು ಜನ ಸೇರಿ ನನ್ನನ್ನು ಕೂರಿಸಿದ್ದರು. ನನ್ನನ್ನು ನೋಡಲು ಬಂದವರು ಹೊಗಳಿದ ಗಟ್ಟಿತನದ ಬಹುಪಾಲು ಇವರದು.

ಗಾರೆ ಕೆಲಸದವರಿಗೆ ಒಂದು ದಿನ ಕೂತರೆ ಆ ದಿನದ ಕೂಲಿ ಇಲ್ಲ. ಹೆಂಡತಿ ಮನೆಗೆಲಸಕ್ಕೆ ಹೋಗುತ್ತಾರೆ, ಮಗಳ ಪಿಯುಸಿ ಶುಲ್ಕ ಬಾಕಿ ಇದೆ ಎಂದು ಹೊರಗೆ ಬೆಂಚಿನ ಮೇಲೆ ಆಟೋ ಕಾಯುವಾಗ ಅವರೇ ಹೇಳಿದರು. ಮೊದಲು ಆಂಧ್ರದ ಪುತ್ತೂರಿಗೆ ಹೋಗಿ ನಾಟಿ ಕಟ್ಟು ಹಾಕಿಸಿಕೊಂಡು ಬರಲು ಹೊರಟಿದ್ದರಂತೆ. ಬೇಗ ಕೆಲಸಕ್ಕೆ ಇಳಿಯಬಹುದೆಂದು ಯಾರೋ ಹೇಳಿದ್ದರು. ಅವರನ್ನು ಮೂಢರೆಂದು ಕರೆಯುವವರನ್ನು ನಾನು ಒಪ್ಪುವುದಿಲ್ಲ. ಒಡೆದ ಹಿಮ್ಮಡಿಗೆ ಎಕ್ಸ್‌ರೇ ಇಲ್ಲದೆ ಕಟ್ಟು ಹಾಕಿಸಿಕೊಳ್ಳುವುದು ಅಪಾಯವೆಂಬುದು ನಿಜ, ಆದರೆ ಅವರನ್ನು ಅತ್ತ ತಳ್ಳಿದ್ದು ಅಜ್ಞಾನವಲ್ಲ, ಶನಿವಾರದ ಬಟವಾಡೆ.

ಹಾಗೆಂದು ಕೂರಿಸುವ ವ್ಯವಸ್ಥೆ ನಮ್ಮ ದೇಶದಲ್ಲಿ ಇಲ್ಲವೆಂದಲ್ಲ. 1948ರ ಕಾನೂನಿನಿಂದ ಆರಂಭವಾದ ಇಎಸ್‌ಐ ಎಂಬ ಕಾರ್ಮಿಕರ ವಿಮೆಯಲ್ಲಿ ವಂತಿಗೆ ಕಟ್ಟಿದ ಕಾರ್ಮಿಕರು ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡಾ 70ರಷ್ಟನ್ನು ಪಡೆಯುತ್ತಾರೆ. ಕೆಲಸದಲ್ಲೇ ಪೆಟ್ಟಾದರೆ ಶೇಕಡಾ 90. ಆದರೆ ಇವತ್ತು ಈ ಮನೆ, ನಾಳೆ ಆ ಮನೆ ಎಂದು ಮೇಸ್ತ್ರಿಯ ಹಿಂದೆ ಹೋಗುವವರ ಹೆಸರು ಆ ಪುಸ್ತಕದಲ್ಲಿ ಇರುವುದಿಲ್ಲ. ಅವರಿಗಾಗಿ ಇರುವುದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. ಕಟ್ಟಡದ ವೆಚ್ಚದ ಮೇಲೆ ವಸೂಲು ಮಾಡುವ ಶೇಕಡಾ ಒಂದರಷ್ಟು ಸೆಸ್ ಅದಕ್ಕೆ ಸೇರುತ್ತದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಕೊಟ್ಟು, 18ರಿಂದ 60 ವರ್ಷದೊಳಗಿನವರು ಹೆಸರು ನೋಂದಾಯಿಸಿಕೊಳ್ಳಬೇಕು. ಇಷ್ಟು ಮನೆಗಳನ್ನು ಕಟ್ಟಿದ ಈ ಮನುಷ್ಯನ ಬಳಿ ಆ ಕಾರ್ಡ್ ಇರಲಿಲ್ಲ. ಗುತ್ತಿಗೆದಾರ ಸಹಿ ಹಾಕಿಕೊಡುವುದಿಲ್ಲ ಎಂದರು. ತನ್ನ ಕೆಲಸದಲ್ಲಿ ಬಿದ್ದವನಿಗೆ ಕೆಲಸ ಮಾಡಿದ್ದಾನೆಂದು ಬರೆದುಕೊಡಲೂ ಒಪ್ಪದ ಆತನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮನೆಗೆ ಬಂದು ನಾನು ತೂಕದ ಯಂತ್ರವನ್ನು ಕಿಟಕಿಯ ಪಕ್ಕ ಇಡಿಸಿಕೊಂಡೆ. ಸರಳನ್ನು ಹಿಡಿದು ಒತ್ತುವಾಗಲೆಲ್ಲ ಆ ಎರಡು ದನಿಗಳು, ಒತ್ತಿ ಎಂಬುದೂ ತೆಗೀರಿ ಎಂಬುದೂ, ಒಟ್ಟಿಗೇ ಕೇಳಿಸುತ್ತವೆ. ಹೆದರಿಕೆ ಹೋಗಿಲ್ಲ, ಆದರೆ ನಿನ್ನೆ ಸಂಜೆ ಮುಳ್ಳು ಹನ್ನೊಂದರವರೆಗೆ ಬಂತು. ಇಷ್ಟೆಲ್ಲ ಅನುಕೂಲ ಇಟ್ಟುಕೊಂಡು ಒತ್ತದೇ ಕೂರಲು ನನಗೆ ಮನಸ್ಸು ಬರುತ್ತಿಲ್ಲ.

ಮುಂದಿನ ಬಾರಿ ಬರುವಾಗ ಆಧಾರ್ ಕಾರ್ಡ್, ಬ್ಯಾಂಕಿನ ಪಾಸ್‌ಬುಕ್ ತನ್ನಿ, ಅರ್ಜಿ ತುಂಬಿಕೊಡುತ್ತೇನೆ ಎಂದು ಗಾರೆ ಕೆಲಸದವರಿಗೆ ಹೇಳಿದ್ದೇನೆ. ಈ ಹಿಮ್ಮಡಿಗೆ ಅದರಿಂದ ಪರಿಹಾರ ಸಿಗುವುದು ಕಷ್ಟ; ಆದರೆ ಅವರ ಜೊತೆಗೆ ಕೆಲಸ ಮಾಡುವ ಇನ್ನೂ ಕೆಲವರ ಬಳಿಯೂ ಕಾರ್ಡ್ ಇಲ್ಲವಂತೆ, ಅವರನ್ನೂ ಕರೆತರಲು ಒಪ್ಪಿದ್ದಾರೆ. ಗುತ್ತಿಗೆದಾರ ಸಹಿ ಹಾಕದಿದ್ದರೆ ಯಾರ ಪ್ರಮಾಣಪತ್ರ ನಡೆಯುತ್ತದೆಂದು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಲು ಸೋಮವಾರ ನಮ್ಮ ಮನೆಯವರು ಹೋಗುತ್ತಿದ್ದಾರೆ.